ಪಿಎಚ್‌ಸಿಗೆ ಬಂದ ಹೊಸ ಡಾಕ್ಟರು

ಎಂಬಿಬಿಎಸ್ ಮುಗಿಸಿದ ತರುಣ ತರುಣಿಯರಲ್ಲಿ ಬಹಳ ಮಂದಿಗೆ ಮೊದಲ ಕೆಲಸ ಸಿಗುವುದು ಯಾವುದೋ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ). ಕರ್ನಾಟಕದಲ್ಲಿ ಇದಕ್ಕೊಂದು ಕಾನೂನೇ ಇದೆ. ವೈದ್ಯಕೀಯ ಕೋರ್ಸು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಕಾಯ್ದೆ 2012ರದ್ದು. ಅದು 2015ರಲ್ಲಿ ಜಾರಿಗೆ ಬಂತು, ಹೈಕೋರ್ಟಿನ ಮೆಟ್ಟಿಲೇರಿತು, 2023ರಲ್ಲಿ ತಿದ್ದುಪಡಿಯಾಯಿತು. ಈ ವಾದವಿವಾದದ ಉದ್ದಕ್ಕೂ ಕೇಳಿಬಂದದ್ದು ಎರಡೇ ದನಿ. ಜನರ ತೆರಿಗೆ ದುಡ್ಡಲ್ಲಿ ಓದಿದವರಿಗೆ ಒಂದು ವರ್ಷ ಹಳ್ಳಿಯಲ್ಲಿರಲು ಏನು ಕಷ್ಟ ಎನ್ನುವವರು ಒಂದು ಕಡೆ, ಪಿಜಿ ನೀಟ್‌ಗೆ ಓದಬೇಕಾದ ವರ್ಷ ಹಾಳಾಯಿತು ಎನ್ನುವವರು ಇನ್ನೊಂದು ಕಡೆ. ಅಲ್ಲಿಗೆ ಹೋದವರಿಗೆ ನಿಜಕ್ಕೂ ಎದುರಾಗುವ ಕೆಲಸ ಯಾವುದು, ಅದಕ್ಕೆ ಐದೂವರೆ ವರ್ಷದ ಓದು ಅವರನ್ನು ಎಷ್ಟರಮಟ್ಟಿಗೆ ಸಿದ್ಧಮಾಡಿದೆ ಎಂದು ಕೇಳುವವರು ಕಡಿಮೆ. ಈ ಬರಹ ಆ ಪ್ರಶ್ನೆಯನ್ನು ಕುರಿತದ್ದು.

ಸಾವಿರದಲ್ಲಿ ಒಬ್ಬರು

ಕೆರ್ ವೈಟ್ ಮತ್ತು ಅವರ ಸಂಗಡಿಗರು 1961ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಮೆರಿಕ ಮತ್ತು ಬ್ರಿಟನ್ನಿನ ಮಾಹಿತಿ ಆಧರಿಸಿ ಅವರು ಹಾಕಿದ ಲೆಕ್ಕ ಹೀಗಿತ್ತು: ಸಾವಿರ ವಯಸ್ಕರನ್ನು ತೆಗೆದುಕೊಂಡರೆ ಒಂದು ತಿಂಗಳಲ್ಲಿ ಸುಮಾರು 750 ಮಂದಿಗೆ ಏನಾದರೊಂದು ಕಾಯಿಲೆ ಬರುತ್ತದೆ. ಅವರಲ್ಲಿ 250 ಮಂದಿ ವೈದ್ಯರ ಬಳಿ ಹೋಗುತ್ತಾರೆ. ಆಸ್ಪತ್ರೆಗೆ ದಾಖಲಾಗುವವರು 9 ಮಂದಿ. ಮೆಡಿಕಲ್ ಕಾಲೇಜಿನ ಆಸ್ಪತ್ರೆಯವರೆಗೆ ಹೋಗುವವರು ಒಬ್ಬರು ಮಾತ್ರ.

ಲೆಕ್ಕ ಹಳೆಯದು, ದೇಶ ಬೇರೆ. ಆದರೂ ನಮ್ಮ ವೈದ್ಯಕೀಯ ಶಿಕ್ಷಣದ ಮೂಲ ತೊಡಕು ಅದರಲ್ಲಿ ಕಾಣುತ್ತದೆ. ವಿದ್ಯಾರ್ಥಿ ಕಲಿಯುವುದು ಆ ಒಬ್ಬ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು. ಆ ರೋಗಿ ವಾರ್ಡಿಗೆ ಬರುವ ಹೊತ್ತಿಗೆ ಇಬ್ಬರು ಮೂವರು ಡಾಕ್ಟರು ನೋಡಿರುತ್ತಾರೆ, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಆಗಿರುತ್ತದೆ, ಕಾಯಿಲೆ ಬಲಿತು ತನ್ನ ಹೆಸರು ಹೇಳುತ್ತಿರುತ್ತದೆ. ಪಿಎಚ್‌ಸಿಯ ಬಾಗಿಲಿಗೆ ಬರುವವರು ಉಳಿದ 249 ಮಂದಿ. ಅವರದು ಎರಡನೇ ದಿನದ ಜ್ವರ. ಅದು ಬರೀ ನೆಗಡಿ ಜ್ವರವಿರಬಹುದು, ಡೆಂಗಿ ಇರಬಹುದು, ಟೈಫಾಯ್ಡ್ ಇರಬಹುದು. ಮೈಮೇಲೆ ಗಂಧೆ ಎದ್ದಿಲ್ಲ, ಪ್ಲೇಟ್‌ಲೆಟ್ ಇಳಿದಿಲ್ಲ, ಹೇಳಿಕೊಳ್ಳುವಂಥ ಲಕ್ಷಣ ಒಂದೂ ಇಲ್ಲ.

ಇಲ್ಲಿ ಡಾಕ್ಟರಿಗೆ ಬೇಕಾದ ವಿದ್ಯೆಯೇ ಬೇರೆ. ಇವತ್ತೇ ರೋಗದ ಹೆಸರು ಹೇಳಬೇಕಾಗಿಲ್ಲ. ಇವತ್ತು ಮನೆಗೆ ಕಳಿಸಬಹುದೇ ಎಂದು ತಿಳಿದರೆ ಸಾಕು. ‘ಎರಡು ದಿನ ಬಿಟ್ಟು ಬನ್ನಿ. ವಾಂತಿ ನಿಲ್ಲದಿದ್ದರೆ, ಹೊಟ್ಟೆನೋವು ಜಾಸ್ತಿಯಾದರೆ, ಮೂತ್ರ ಕಡಿಮೆಯಾದರೆ, ಮಂಕು ಕವಿದ ಹಾಗಾದರೆ ಕಾಯಬೇಡಿ, ರಾತ್ರಿಯಾದರೂ ಬನ್ನಿ’ ಎಂದು ತಿಳಿಯುವಂತೆ ಹೇಳಿ, ಜೊತೆಗೆ ಬಂದವರಿಂದ ಅದನ್ನು ಮತ್ತೆ ಹೇಳಿಸುವುದು ಪ್ರಾಥಮಿಕ ವೈದ್ಯಕೀಯದಲ್ಲಿ ಚಿಕಿತ್ಸೆಯೇ. ಕಾಯುವುದೂ ಒಂದು ಪರೀಕ್ಷಾ ವಿಧಾನ ಎಂಬುದನ್ನು ಕಾಲೇಜಿನ ವಾರ್ಡು ಕಲಿಸುವುದಿಲ್ಲ. ಹೊಸ ಡಾಕ್ಟರಿಗೆ ಮೊದಲ ತಿಂಗಳಲ್ಲಿ ಆಗುವ ಗಾಬರಿಗೆ ಮುಖ್ಯ ಕಾರಣ ಇದೇ. ಪ್ರತಿ ಜ್ವರದಲ್ಲೂ ಅಪಾಯ ಕಂಡು ಎಲ್ಲರನ್ನೂ ತಾಲ್ಲೂಕಿಗೆ ಕಳಿಸುವುದು ಒಂದು ಅತಿ. ಆರು ತಿಂಗಳು ಕಳೆಯುವಷ್ಟರಲ್ಲಿ ಯಾವುದರಲ್ಲೂ ಅಪಾಯ ಕಾಣದಷ್ಟು ಮರಗಟ್ಟುವುದು ಇನ್ನೊಂದು ಅತಿ.

ಭೋರ್ ಸಮಿತಿಯಿಂದ ನಮ್ಮ ಕ್ಲಿನಿಕ್‌ವರೆಗೆ

ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆ ಭಾರತದಲ್ಲಿ ಗಟ್ಟಿಯಾಗಿ ರೂಪುಗೊಂಡದ್ದು 1946ರ ಭೋರ್ ಸಮಿತಿಯ ವರದಿಯಲ್ಲಿ. 1952ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಭಾಗವಾಗಿ ಈ ಕೇಂದ್ರಗಳು ತೆರೆಯತೊಡಗಿದವು. 1978ರ ಆಲ್ಮಾ ಆಟಾ ಘೋಷಣೆ ಪ್ರಾಥಮಿಕ ಆರೋಗ್ಯ ಸೇವೆಯನ್ನು ಜಗತ್ತಿನ ಗುರಿಯಾಗಿಸಿತು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆಶಾ ಕಾರ್ಯಕರ್ತೆಯರನ್ನು ತಂದಿತು. 2018ರ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದರು. ಪಟ್ಟಣಗಳಲ್ಲಿ ‘ನಮ್ಮ ಕ್ಲಿನಿಕ್’ಗಳು 2022ರ ಡಿಸೆಂಬರಿನಲ್ಲಿ ಶುರುವಾದವು.

ಲೆಕ್ಕದ ಪ್ರಕಾರ ಬಯಲುಸೀಮೆಯಲ್ಲಿ 30 ಸಾವಿರ ಜನಕ್ಕೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20 ಸಾವಿರ ಜನಕ್ಕೆ ಒಂದು ಪಿಎಚ್‌ಸಿ. ಅದರ ಕೆಳಗೆ 5 ಸಾವಿರ ಅಥವಾ 3 ಸಾವಿರಕ್ಕೊಂದು ಉಪಕೇಂದ್ರ. ಕರ್ನಾಟಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪಿಎಚ್‌ಸಿಗಳಿವೆ. ನೇಮಕಾತಿ ಆದೇಶದಲ್ಲಿ ಇರುವುದು ಕಟ್ಟಡದ ವಿಳಾಸ, ಆದರೆ ಕೈಗೆ ಬರುವುದು ಇಪ್ಪತ್ತು ಮೂವತ್ತು ಸಾವಿರ ಜನರ ಹೊಣೆ. ಓಪಿಡಿಗೆ ಬಂದವರಷ್ಟೇ ನಮ್ಮ ರೋಗಿಗಳು ಎಂದುಕೊಂಡ ಡಾಕ್ಟರಿಗೆ ಕೆಲಸದ ಅರ್ಧ ಭಾಗ ಕಣ್ಣಿಗೇ ಬಿದ್ದಿಲ್ಲ. ಬಾರದೇ ಉಳಿದ ಬಸುರಿ, ಮಾತ್ರೆ ಬಿಟ್ಟ ಕ್ಷಯರೋಗಿ, ಲಸಿಕೆ ತಪ್ಪಿದ ಇಟ್ಟಿಗೆ ಭಟ್ಟಿಯ ಮಗು ಕೂಡ ಅವರ ಲೆಕ್ಕಕ್ಕೇ ಸೇರುತ್ತಾರೆ.

ಸಂತೆ ದಿನದ ಓಪಿಡಿ

ಪಿಎಚ್‌ಸಿಯ ಓಪಿಡಿಗೆ ವಾರದಲ್ಲಿ ಒಂದು ದಿನ ಹಬ್ಬದ ಗದ್ದಲ. ಅದು ಊರಿನ ಸಂತೆ ದಿನ. ಸುತ್ತಲ ಹಳ್ಳಿಯವರು ಸಂತೆ ಚೀಲದೊಡನೆ ಕಾಯಿಲೆಯನ್ನೂ ಹೊತ್ತು ತರುತ್ತಾರೆ. ಮೈಕೈ ನೋವು, ಎದೆ ಉರಿ, ಉರಿಮೂತ್ರ, ತಲೆ ತಿರುಗು, ಕೆಮ್ಮು ಕಫ, ಕಜ್ಜಿ. ವಿಜಯಪುರದ ಕಡೆಯಾದರೆ ‘ಮೈಯಾಗ ಆರಾಮಿಲ್ರಿ, ಕೈಕಾಲು ಹರೀತಾವ್ರಿ’ ಎಂಬ ಅಹವಾಲು. ಬೆಂಗಳೂರಿನಲ್ಲಿ ಓದಿದ ಹೊಸಬರಿಗೆ ಇದನ್ನು ಅರ್ಥಮಾಡಿಕೊಳ್ಳಲು ಸಿಸ್ಟರ್ ಒಬ್ಬರು ಪಕ್ಕದಲ್ಲಿರಬೇಕು.

ನಲವತ್ತೈದರ ಹೆಂಗಸೊಬ್ಬರು ಬಂದು ‘ಸುಸ್ತು ಡಾಕ್ಟ್ರೇ, ಒಂದು ಸೂಜಿ ಹಾಕಿ’ ಎನ್ನುತ್ತಾರೆ. ಹೊರಗೆ ಇನ್ನೂ ನಲವತ್ತು ಮಂದಿ ಸಾಲಿನಲ್ಲಿದ್ದಾರೆ. ಬಿ ಕಾಂಪ್ಲೆಕ್ಸ್ ಬರೆದು, ಡೈಕ್ಲೋಫೆನಾಕ್ ಸೂಜಿ ಹಾಕಿಸಿ ಕಳಿಸಿದರೆ ಅವರಿಗೂ ಸಮಾಧಾನ, ಸಾಲೂ ಸಾಗುತ್ತದೆ. ಆದರೆ ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿಚಿದೆ. ಮುಟ್ಟಿನ ಮಾತು ಕೇಳಿದರೆ, ಪಕ್ಕದಲ್ಲಿ ನಿಂತ ಮಗನ ಕಡೆ ನೋಡಿ ಸುಮ್ಮನಾಗುತ್ತಾರೆ. ಮಗನನ್ನು ಚೀಟಿ ಕೊಟ್ಟು ಔಷಧದ ಕಿಟಕಿಗೆ ಕಳಿಸಿದ ಮೇಲೆ, ವರ್ಷದಿಂದ ಹತ್ತು ಹನ್ನೆರಡು ದಿನ ರಕ್ತ ಹೋಗುತ್ತಿದೆ ಎಂಬ ಸಂಗತಿ ಹೊರಬರುತ್ತದೆ. ಪಿಎಚ್‌ಸಿಯ ಪ್ರಯೋಗಾಲಯದಲ್ಲೇ ಹಿಮೋಗ್ಲೋಬಿನ್ ನೋಡಿಸಬಹುದು, ಅದೇ ರಕ್ತದಲ್ಲಿ ಸಕ್ಕರೆಯನ್ನೂ ನೋಡಬಹುದು. ಸುಸ್ತು ಎಂಬ ಒಂದೇ ದೂರಿನ ಹಿಂದೆ ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ, ಖಿನ್ನತೆ, ಗಂಡನ ಕುಡಿತ, ಇವುಗಳಲ್ಲಿ ಯಾವುದಾದರೂ ಇರಬಹುದು. ಎರಡು ಮೂರು ಸೇರಿಯೂ ಇರಬಹುದು.

ಇದಕ್ಕೆಲ್ಲ ಸಮಯ ಬೇಕು, ಇಲ್ಲದ್ದು ಅದೇ. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಪ್ರಾಥಮಿಕ ಹಂತದಲ್ಲಿ ಒಬ್ಬ ರೋಗಿಗೆ ವೈದ್ಯರು ಕೊಡುವ ಸಮಯ ಸ್ವೀಡನ್ನಿನಲ್ಲಿ 22 ನಿಮಿಷ, ಭಾರತದಲ್ಲಿ ಸುಮಾರು 2 ನಿಮಿಷ, ಬಾಂಗ್ಲಾದೇಶದಲ್ಲಿ ಒಂದು ನಿಮಿಷಕ್ಕೂ ಕಡಿಮೆ. ಸಮಯದ ಅಭಾವವೊಂದೇ ಕಾರಣವೂ ಅಲ್ಲ. ಜಿಷ್ಣು ದಾಸ್ ಮತ್ತು ಸಂಗಡಿಗರು ಮಧ್ಯಪ್ರದೇಶದ ಹಳ್ಳಿಗಳಲ್ಲಿ ತರಬೇತಾದ ನಕಲಿ ರೋಗಿಗಳನ್ನು ಕಳಿಸಿ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಬ್ಬರೇ ವೈದ್ಯರು ತಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಪಟ್ಟ ಶ್ರಮಕ್ಕಿಂತ ತಮ್ಮದೇ ಖಾಸಗಿ ಕ್ಲಿನಿಕ್ಕಿನಲ್ಲಿ ಪಟ್ಟ ಶ್ರಮ ಹೆಚ್ಚೆಂದು ಕಂಡಿತು. ತಿಳಿದದ್ದಕ್ಕೂ ಮಾಡುವುದಕ್ಕೂ ನಡುವೆ ಇರುವ ಈ ಕಂದಕ ಹೊಸ ಡಾಕ್ಟರಿಗೆ ಎಚ್ಚರಿಕೆಯಾಗಬೇಕು. ಅವರ ಓದು ತಾಜಾ ಇದೆ. ಅದನ್ನು ಸಾಲಿನ ಒತ್ತಡಕ್ಕೆ ಬಲಿಕೊಡದೆ ಉಳಿಸಿಕೊಳ್ಳುವುದು ಕಷ್ಟ.

ಓಪಿಡಿಯ ಸ್ವರೂಪವೂ ಈಚೆಗೆ ಬದಲಾಗಿದೆ. ಒಂದು ಕಾಲಕ್ಕೆ ಪಿಎಚ್‌ಸಿ ಎಂದರೆ ಜ್ವರ, ಭೇದಿ, ಹೆರಿಗೆ. ಈಗ ಬಿಪಿ, ಶುಗರ್ ಮಾತ್ರೆಗೆ ಬರುವವರ ಸಾಲೇ ಉದ್ದ. 30 ವರ್ಷ ದಾಟಿದವರೆಲ್ಲರ ರಕ್ತದೊತ್ತಡ, ಸಕ್ಕರೆ, ಜೊತೆಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಈಗ ಪ್ರಾಥಮಿಕ ಹಂತದ ಕೆಲಸ. ಮನೆಬಾಗಿಲಿಗೇ ಹೋಗಿ ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ 2024ರಲ್ಲಿ ಶುರುಮಾಡಿತು. ಪತ್ತೆ ಹಚ್ಚುವುದು ಸುಲಭ, ಮಾತ್ರೆ ನಿಲ್ಲದಂತೆ ನೋಡಿಕೊಳ್ಳುವುದೇ ಕಷ್ಟ. ‘ಹೋದ ಸಲ ಬಿಪಿ ನಾರ್ಮಲ್ ಅಂದ್ರಲ್ಲ, ಅದಕ್ಕೇ ನಿಲ್ಲಿಸಿದೆ’ ಎನ್ನುವ ಯಜಮಾನರಿಗೆ, ನಾರ್ಮಲ್ ಆದದ್ದು ಮಾತ್ರೆಯಿಂದಲೇ ಎಂದು ಪ್ರತಿ ತಿಂಗಳೂ ಬೇಸರಿಸದೆ ಹೇಳಬೇಕು. ಜಾನ್ಸ್ ಹಾಪ್‌ಕಿನ್ಸ್‌ನ ಬಾರ್ಬರಾ ಸ್ಟಾರ್‌ಫೀಲ್ಡ್ ಪ್ರಾಥಮಿಕ ವೈದ್ಯಕೀಯಕ್ಕೆ ನಾಲ್ಕು ಗುಣ ಹೇಳಿದ್ದರು: ಮೊದಲು ಸಿಗುವುದು, ನಿರಂತರವಾಗಿ ಸಿಗುವುದು, ಎಲ್ಲ ತೊಂದರೆಗೂ ಸಿಗುವುದು, ಮೇಲಿನ ಆಸ್ಪತ್ರೆಗಳೊಡನೆ ಹೊಂದಿಸಿಕೊಡುವುದು. ವರ್ಷಕ್ಕೊಮ್ಮೆ ಡಾಕ್ಟರು ಬದಲಾಗುವ ವ್ಯವಸ್ಥೆಯಲ್ಲಿ ಮೊದಲು ಪೆಟ್ಟು ಬೀಳುವುದು ಎರಡನೆಯ ಗುಣಕ್ಕೆ.

ಇಪ್ಪತ್ತು ನಿಮಿಷದ ಪರೀಕ್ಷೆ

ತುರ್ತು ಪ್ರಸಂಗಗಳು ದಿನಾ ಬರುವುದಿಲ್ಲ. ಬಂದ ದಿನ ಮಾತ್ರ ಕೇಳಲು ಹಿರಿಯರು ಪಕ್ಕದಲ್ಲಿರುವುದಿಲ್ಲ. ಹಾವು ಕಡಿತವನ್ನೇ ನೋಡೋಣ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು.

ಗದ್ದೆಯಿಂದ ನೇರ ಹೊತ್ತು ತಂದ ರೈತನ ಕಾಲು ಊದಿದೆ. ಮೇಲೆ ಬಿಗಿಯಾಗಿ ಹಗ್ಗ ಕಟ್ಟಿದ್ದಾರೆ. ಜೊತೆಗೆ ಹತ್ತು ಜನ, ಒಬ್ಬೊಬ್ಬರೂ ಒಂದೊಂದು ಹಾವಿನ ಹೆಸರು ಹೇಳುತ್ತಾರೆ. ಆಗ ಬೇಕಾಗುವುದು ಒಣಗಿದ, ಸ್ವಚ್ಛವಾದ ಒಂದು ಗಾಜಿನ ಪ್ರನಾಳ. ಅದಕ್ಕೆ ಎರಡು ಎಂಎಲ್ ರಕ್ತ ತೆಗೆದು, ಅಲ್ಲಾಡಿಸದೆ 20 ನಿಮಿಷ ಇಟ್ಟು, ನಂತರ ಓರೆ ಮಾಡಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕೆ ಸೇರಿದೆ ಎಂದರ್ಥ. ಪ್ಲಾಸ್ಟಿಕ್ ಪ್ರನಾಳದಲ್ಲಿ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ಆಗಬೇಕಾದ ಕೆಲಸ ಬಹಳ. ಕಣ್ಣರೆಪ್ಪೆ ಜೋಲುತ್ತಿದೆಯೇ, ಮಾತು ತೊದಲುತ್ತಿದೆಯೇ ನೋಡಬೇಕು. ಕಟ್ಟುಹಾವು ಅಥವಾ ನಾಗರಹಾವು ಕಡಿದಿದ್ದರೆ ತೊಂದರೆ ಉಸಿರಾಟಕ್ಕೆ. ಹಗ್ಗವನ್ನು ತಟಕ್ಕನೆ ಬಿಚ್ಚದೆ, ಸಿದ್ಧತೆ ಮಾಡಿಕೊಂಡು ಸಡಿಲಿಸಬೇಕು. ವಿಷದ ಲಕ್ಷಣ ಖಚಿತವಾದರೆ ಪ್ರತಿವಿಷದ ಹತ್ತು ವಯಲುಗಳನ್ನು ಸಲೈನಿನಲ್ಲಿ ಬೆರೆಸಿ ಹನಿಯಾಗಿ ಬಿಡಬೇಕು. ಮಕ್ಕಳಿಗೂ ದೊಡ್ಡವರಿಗೂ ಪ್ರಮಾಣ ಒಂದೇ. ಮೈಗೆ ಒಗ್ಗದಿದ್ದರೆ ಕೊಡಲು ಅಡ್ರಿನಲಿನ್ ಸಿರಿಂಜಿಗೆ ತುಂಬಿ ಕೈಗೆ ಸಿಗುವಂತಿರಬೇಕು.

ಇದರಲ್ಲಿ ಯಾವುದೂ ಎಂಬಿಬಿಎಸ್ ಆದವರ ಶಕ್ತಿಗೆ ಮೀರಿದ್ದಲ್ಲ. ಆದರೂ ಪ್ರತಿವಿಷ ಮುಟ್ಟದೆ ‘ಮೇಲಕ್ಕೆ ಕರಕೊಂಡು ಹೋಗಿ’ ಎಂದು ಬರೆದುಕೊಡುವುದುಂಟು. ಅದರ ಹಿಂದಿನ ಭಯ ಪ್ರತಿವಿಷ ಮೈಗೆ ಒಗ್ಗದಿರುವುದರ ಬಗ್ಗೆ ಇರುವಷ್ಟೇ ಹೊರಗೆ ನಿಂತ ಹತ್ತು ಜನರ ಬಗ್ಗೆಯೂ ಇರುತ್ತದೆ. ಮೊದಲ ಡೋಸು ಇಲ್ಲಿ ಸಿಗದೆ ಆ್ಯಂಬುಲೆನ್ಸಿನಲ್ಲಿ ಕಳೆದ ಒಂದು ಗಂಟೆ ರೈತನ ಮೂತ್ರಪಿಂಡವನ್ನೇ ಕಳೆಯಬಹುದು.

ಇದೇ ಮಾತು ಉಳಿದ ತುರ್ತುಗಳಿಗೂ ಸಲ್ಲುತ್ತದೆ. ಫಿಟ್ಸ್ ಬಂದ ಬಸುರಿಗೆ ಮೆಗ್ನೀಷಿಯಂ ಸಲ್ಫೇಟಿನ ಮೊದಲ ಡೋಸು ಕೊಟ್ಟೇ ಕಳಿಸಬೇಕು. ಕೀಟನಾಶಕ ಕುಡಿದವರಿಗೆ ಅಟ್ರೋಪಿನ್ ಇಲ್ಲೇ ಶುರುವಾಗಬೇಕು. ಎದೆನೋವಿನವರಿಗೆ ಆಸ್ಪಿರಿನ್ ಅಗಿಯಲು ಕೊಟ್ಟು, ಇಸಿಜಿ ಮತ್ತು ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಸಿಗುವ ಹತ್ತಿರದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಕೇಂದ್ರ ಯಾವುದೆಂದು ತಿಳಿದಿರಬೇಕು. 108 ಆ್ಯಂಬುಲೆನ್ಸ್ 2008ರ ನವೆಂಬರಿನಿಂದ ಓಡುತ್ತಿದೆ. ಅದು ಬರುವವರೆಗಿನ ಅರ್ಧ ಮುಕ್ಕಾಲು ಗಂಟೆ ಪೂರ್ತಿ ಪಿಎಚ್‌ಸಿಯದು.

ಹೆರಿಗೆಯಲ್ಲಿ ಒಂದು ವಿಚಿತ್ರ ನಡೆದಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಇದು ದೊಡ್ಡ ಸಾಧನೆ. ಆದರೆ ಹೆರಿಗೆಗಳು ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಕಡೆ ಸರಿದು, ಬಹಳಷ್ಟು ಪಿಎಚ್‌ಸಿಗಳ ಹೆರಿಗೆ ಕೋಣೆಗೆ ಕೆಲಸ ಕಡಿಮೆಯಾಗಿದೆ. ಅಭ್ಯಾಸ ತಪ್ಪಿದ ಕೈಗೆ ಒಂದು ರಾತ್ರಿ ದಿಢೀರನೆ ಮಗು ಬರುವ ಸ್ಥಿತಿಯಲ್ಲಿರುವ ತಾಯಿ ಸಿಗುತ್ತಾಳೆ. ಇಂಟರ್ನ್‌ಶಿಪ್ಪಿನಲ್ಲಿ ಹೆರಿಗೆ ವಾರ್ಡಿನ ಪಾಳಿ ತಪ್ಪಿಸಿ ಲೈಬ್ರರಿಯಲ್ಲಿ ಕುಳಿತವರಿಗೆ ಆ ರಾತ್ರಿ ಉದ್ದವಾಗುತ್ತದೆ.

ಊರು ಬೇರೆ, ರೋಗ ಬೇರೆ

ಪಠ್ಯಪುಸ್ತಕ ಎಲ್ಲರಿಗೂ ಒಂದೇ. ಪಿಎಚ್‌ಸಿಯ ಕಾಯಿಲೆಗಳಿಗೆ ಮಾತ್ರ ಊರು ಕೇರಿ ಇದೆ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಲೆನಾಡಿನ ಡಾಕ್ಟರು ಡಿಸೆಂಬರಿನಿಂದ ಮೇವರೆಗೆ ಪ್ರತಿ ಜ್ವರದವರನ್ನೂ ಕಾಡಿಗೆ ಸೊಪ್ಪು, ದರಗು ತರಲು ಹೋಗಿದ್ದಿರಾ, ಉಣ್ಣೆ ಕಚ್ಚಿತ್ತೇ, ಊರಲ್ಲಿ ಮಂಗ ಸತ್ತಿತ್ತೇ ಎಂದು ಕೇಳಬೇಕು. ಕರಾವಳಿಯ ಮಳೆಗಾಲದ ಜ್ವರದಲ್ಲಿ ಇಲಿಜ್ವರ ಮರೆಯುವಂತಿಲ್ಲ. ರಾಯಚೂರು, ಕೊಪ್ಪಳದ ಕಡೆ ನೀರಿನ ಫ್ಲೋರೈಡು ಹಲ್ಲಿನಲ್ಲೂ ಮೂಳೆಯಲ್ಲೂ ಕಾಣುತ್ತದೆ. ಮೈಸೂರು, ಚಾಮರಾಜನಗರದ ಹಾಡಿಗಳಲ್ಲಿ ಬಿಳಿಚಿದ ಮಗು ಕಂಡರೆ ಕುಡಗೋಲು ಕಣ ರಕ್ತಹೀನತೆ ನೆನಪಾಗಬೇಕು. ಅದರ ನಿರ್ಮೂಲನಕ್ಕೆಂದೇ 2023ರ ಜುಲೈನಲ್ಲಿ ರಾಷ್ಟ್ರೀಯ ಅಭಿಯಾನ ಶುರುವಾಗಿದೆ. ಇಂಥ ಸ್ಥಳೀಯ ತಿಳಿವಳಿಕೆ ಸಿಗುವುದು ಹಿಂದಿನ ಮೂರು ವರ್ಷದ ರಿಜಿಸ್ಟರುಗಳಲ್ಲಿ ಮತ್ತು ಇಪ್ಪತ್ತು ವರ್ಷ ಅದೇ ಹಳ್ಳಿ ಸುತ್ತಿದ ಸಿಸ್ಟರುಗಳ ಬಾಯಲ್ಲಿ.

ಇಪ್ಪತ್ತನಾಲ್ಕರ ಮೇಲಧಿಕಾರಿ

ಹೊಸ ಡಾಕ್ಟರಿಗೆ ಯಾರೂ ಮೊದಲೇ ಹೇಳದ ಸಂಗತಿ ಒಂದಿದೆ. ಅವರು ಆಡಳಿತ ವೈದ್ಯಾಧಿಕಾರಿಯೂ ಹೌದು. ಫಾರ್ಮಸಿ ಅಧಿಕಾರಿ, ಲ್ಯಾಬ್ ಟೆಕ್ನೀಷಿಯನ್, ಆರೋಗ್ಯ ನಿರೀಕ್ಷಣಾಧಿಕಾರಿ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳು, ಗ್ರೂಪ್ ಡಿ ನೌಕರರು, ಇವರೆಲ್ಲರ ಹಾಜರಿ ಪುಸ್ತಕಕ್ಕೆ ಸಹಿ ಹಾಕುವವರು ಇವರೇ. ಅವರಲ್ಲಿ ಕೆಲವರ ಸರ್ವೀಸು ಡಾಕ್ಟರ ವಯಸ್ಸಿಗಿಂತ ಹೆಚ್ಚು. ಅಧಿಕಾರ ತೋರಿಸಲು ಹೋದವರು ವಾರದಲ್ಲಿ ಒಂಟಿಯಾಗುತ್ತಾರೆ. ಎಲ್ಲವನ್ನೂ ಅವರಿಗೇ ಬಿಟ್ಟವರು ಆಡಿಟ್ ಬಂದ ದಿನ ಒಂಟಿಯಾಗುತ್ತಾರೆ.

ನೋಡಲು ಸಣ್ಣದೆನಿಸುವ ಕೆಲಸವೊಂದನ್ನು ಹೇಳುತ್ತೇನೆ. ಪ್ರತಿ ಪಿಎಚ್‌ಸಿಯಲ್ಲೂ ಲಸಿಕೆ ಇಡುವ ಐಎಲ್‌ಆರ್ ಪೆಟ್ಟಿಗೆ ಇದೆ. ಅದರ ಒಳಗಿನ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಇರಬೇಕು. ದಿನಕ್ಕೆ ಎರಡು ಸಲ ನೋಡಿ ಪುಸ್ತಕದಲ್ಲಿ ಬರೆಯಬೇಕು. ತಿಂಗಳಿಡೀ ಎರಡೂ ಹೊತ್ತು ‘4, 4, 4’ ಎಂದು ಒಂದೇ ಪೆನ್ನಿನಲ್ಲಿ ಬರೆದ ಪುಟ ಕಂಡರೆ ಯಾರೂ ನೋಡಿಲ್ಲವೆಂದೇ ತಿಳಿಯಬೇಕು. ಕರೆಂಟು ಹೋದ ರಾತ್ರಿ ಕೆಟ್ಟ ಲಸಿಕೆ ಗುರುವಾರದ ಲಸಿಕಾ ದಿನ ಅಂಗನವಾಡಿಗೆ ಹೋಗಿ ಮಕ್ಕಳ ಮೈಗೆ ಇಳಿಯುತ್ತದೆ. ಅದರಿಂದ ಯಾರಿಗೂ ಕೂಡಲೇ ತೊಂದರೆಯಾಗುವುದಿಲ್ಲ, ದಡಾರ ಬಂದಾಗ ಗೊತ್ತಾಗುತ್ತದೆ. ಬೆಳಿಗ್ಗೆ ಬಂದವರೇ ಸ್ವತಃ ಪೆಟ್ಟಿಗೆಯ ಥರ್ಮಾಮೀಟರು ನೋಡುವ ಡಾಕ್ಟರಿರುವ ಕಡೆ ಪುಸ್ತಕದ ಅಂಕಿ ತಾನಾಗಿ ನಿಜವಾಗುತ್ತದೆ.

ಈ ವ್ಯವಸ್ಥೆಯ ಬೆನ್ನೆಲುಬು ಆಶಾ ಕಾರ್ಯಕರ್ತೆಯರು. ರಾಜ್ಯದಲ್ಲಿ ಸುಮಾರು 42 ಸಾವಿರ ಮಂದಿ ಇದ್ದಾರೆ. ಯಾವ ಮನೆಯಲ್ಲಿ ಯಾರು ಬಸುರಿ, ಯಾರು ಊರುಬಿಟ್ಟು ದುಡಿಯಲು ಹೋದರು, ಯಾರ ಕೆಮ್ಮು ತಿಂಗಳಿಂದ ನಿಂತಿಲ್ಲ ಎಂಬುದು ಅವರಿಗೆ ಗೊತ್ತು. ಅವರಿಗೆ ಸಿಗುವುದು ಗೌರವಧನ, ಪ್ರೋತ್ಸಾಹಧನ; ಅದೂ ತಡವಾಗಿ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಚಳಿಯಲ್ಲಿ ಕುಳಿತು ಅವರು ಮುಷ್ಕರ ಮಾಡಿದ್ದು ಪ್ರತಿ ತಿಂಗಳೂ ನಿಗದಿತ ಗೌರವಧನ ಖಚಿತವಾಗಿ ಸಿಗಲೆಂದು. ತಿಂಗಳ ಸಭೆಯಲ್ಲಿ ಅವರನ್ನು ಗುರಿ ತಲುಪಿಲ್ಲವೆಂದು ಬೈಯುವ ಡಾಕ್ಟರಿಗೆ ಬರೀ ಅಂಕಿ ಸಿಗುತ್ತದೆ. ಅವರ ಬಿಲ್ಲು ಎಲ್ಲಿ ನಿಂತಿದೆ ಎಂದು ವಿಚಾರಿಸುವ ಡಾಕ್ಟರಿಗೆ ಊರಿನ ಸುದ್ದಿ ಸಿಗುತ್ತದೆ.

ಪೋರ್ಟಲು, ಪೊಲೀಸು, ಪಂಚನಾಮೆ

ಆರ್‌ಸಿಎಚ್, ನಿಕ್ಷಯ್, ಎಚ್‌ಎಂಐಎಸ್, ಐಎಚ್‌ಐಪಿ, ಯು-ವಿನ್, ಎನ್‌ಸಿಡಿ, ಇ-ಸಂಜೀವಿನಿ. ಒಂದೊಂದಕ್ಕೂ ಒಂದೊಂದು ಪಾಸ್‌ವರ್ಡು. ಒಬ್ಬನೇ ರೋಗಿಯ ಹೆಸರನ್ನು ಮೂರು ಕಡೆ ತುಂಬುವುದು ಸಾಮಾನ್ಯ. ಮಧ್ಯಾಹ್ನದ ಮೇಲಿನ ಸಮಯ ಇದಕ್ಕೇ ಹೋಗುತ್ತದೆ. ದೂರುವುದು ನ್ಯಾಯವೇ, ಆದರೆ ತುಂಬಿದ ಮಾಹಿತಿಯನ್ನು ತಾವೇ ತಿರುಗಿ ನೋಡುವವರು ವಿರಳ. ನಿಕ್ಷಯ್‌ನಲ್ಲಿ ಹೆಸರಿರುವ ಕ್ಷಯರೋಗಿಗೆ ಪೋಷಣೆಯ ಹಣ ಖಾತೆಗೆ ಬಂತೇ ಎಂದು ನೋಡುವುದೂ ಚಿಕಿತ್ಸೆಯೇ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದ ಈ ನೆರವು 2024ರ ನವೆಂಬರಿನಿಂದ 1000 ರೂಪಾಯಿ ಆಗಿದೆ.

ಇದಕ್ಕಿಂತ ಭಾರವಾದದ್ದು ಕಾನೂನಿನ ಕೆಲಸ. ಹೊಡೆದಾಟದ ಗಾಯಕ್ಕೆ ಸರ್ಟಿಫಿಕೇಟು ಬರೆಯುವಾಗ ಅದು ಸಾಮಾನ್ಯವೋ ತೀವ್ರವೋ ಎಂದು ಹೇಳಬೇಕು. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮು ತೀವ್ರ ಗಾಯ ಯಾವುದೆಂದು ಪಟ್ಟಿ ಮಾಡಿದೆ. ಆ ಒಂದು ಪದಕ್ಕಾಗಿ ಎರಡೂ ಕಡೆಯ ಮುಖಂಡರ ಫೋನು ಬರುತ್ತದೆ. ಸಾಕ್ಷಿ ಹೇಳಲು ಸಮನ್ಸ್ ಬರುವುದು ವರ್ಷಗಳ ನಂತರ. ಅಷ್ಟರಲ್ಲಿ ಡಾಕ್ಟರು ಬೇರೆ ಊರಿನಲ್ಲಿ ಎಂಡಿ ಓದುತ್ತಿರುತ್ತಾರೆ. ಆಗ ಕೈಹಿಡಿಯುವುದು ಅಂದು ಬರೆದಿಟ್ಟ ಅಳತೆ, ಬಣ್ಣ, ಜಾಗದ ವಿವರ ಮಾತ್ರ. ಮರಣೋತ್ತರ ಪರೀಕ್ಷೆಯನ್ನು ಫೋರೆನ್ಸಿಕ್ ವಿಭಾಗದಲ್ಲಿ ದೂರ ನಿಂತು ನೋಡಿದವರೇ ಪಿಎಚ್‌ಸಿಯಲ್ಲಿ ಕೈಗೆ ಗ್ಲೌಸು ಹಾಕಬೇಕಾಗಿ ಬರುತ್ತದೆ. ಹದಿನಾರು ಹದಿನೇಳರ ಬಸುರಿ ತಾಯಿ ಕಾರ್ಡ್ ಮಾಡಿಸಲು ಬಂದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸಿದರೆ ಮುಂದೆ ಅಂಥವರು ಆಸ್ಪತ್ರೆಯ ಕಡೆ ಬರುವುದನ್ನೇ ಬಿಡುತ್ತಾರೆಂಬ ಭಯ, ತಿಳಿಸದಿದ್ದರೆ ತಮ್ಮ ಮೇಲೇ ಕೇಸು. ಕಾನೂನು ಸ್ಪಷ್ಟವಿದೆ, ಆ ಹುಡುಗಿಯ ಮುಂದೆ ಕುಳಿತಾಗ ಮನಸ್ಸು ಅಷ್ಟು ಸ್ಪಷ್ಟವಿರುವುದಿಲ್ಲ.

ಊರೊಳಗಿನ ಬಾಳು

ಕ್ವಾರ್ಟರ್ಸ್ ಇದ್ದರೆ ಸೋರುತ್ತದೆ, ಸೋರದಿದ್ದರೆ ನೀರಿಲ್ಲ ಎಂಬುದು ಹಳೆಯ ಅಳಲು. ಬಹಳ ಕಡೆ ಇಂದಿಗೂ ನಿಜ. ಒಂಟಿಯಾಗಿ ರಾತ್ರಿ ಕರೆಗೆ ಹೋಗಬೇಕಾದ ವೈದ್ಯೆಯರಿಗೆ ಕಾವಲುಗಾರ, ಬೆಳಕು, ಚಿಲಕ ಗಟ್ಟಿಯಿರುವ ಬಾಗಿಲು ಸೌಲಭ್ಯವೆನಿಸಬಾರದು, ಅವು ಕೆಲಸದ ಷರತ್ತಾಗಬೇಕು. ವೈದ್ಯರ ಮೇಲಿನ ಹಲ್ಲೆ ತಡೆಯಲು ರಾಜ್ಯದಲ್ಲಿ 2009ರಿಂದಲೇ ಕಾಯ್ದೆಯಿದೆ. ಗೋಡೆಯ ಮೇಲೆ ಅದರ ಬೋರ್ಡೂ ಇದೆ. ಹಲ್ಲೆ ತಪ್ಪುವುದು ಹೆಚ್ಚಾಗಿ, ರೋಗಿ ಗಂಭೀರವಾಗುವ ಮುಂಚೆಯೇ ಮನೆಯವರನ್ನು ಕರೆದು ಕೂರಿಸಿ ಸ್ಥಿತಿ ಹೇಳಿದ ಕಡೆ.

ಸಿಗುವುದೂ ಇದೆ. ಕಾಲೇಜು ಆಸ್ಪತ್ರೆಯಲ್ಲಿ ರೋಗಿ ಡಿಸ್ಚಾರ್ಜ್ ಆದಮೇಲೆ ಏನಾದರೆಂದು ತಿಳಿಯುವುದಿಲ್ಲ. ಇಲ್ಲಿ ಜೂನ್ ತಿಂಗಳಲ್ಲಿ ಕ್ಷಯದ ಮಾತ್ರೆ ಶುರುಮಾಡಿದವರು ಡಿಸೆಂಬರಿನಲ್ಲಿ ಮೈ ತುಂಬಿಕೊಂಡು ಬಂದು ಎದುರು ನಿಲ್ಲುತ್ತಾರೆ. ಮೂರು ತಲೆಮಾರಿನ ಕಾಯಿಲೆಯನ್ನು ಒಂದೇ ಮನೆಯಲ್ಲಿ ನೋಡಲು ಸಿಗುತ್ತದೆ. ತಾನು ಕೊಟ್ಟ ಸಲಹೆ ಫಲಿಸಿತೋ ಇಲ್ಲವೋ ಎಂಬುದು ತಿಂಗಳೊಳಗೆ ಗೊತ್ತಾಗುತ್ತದೆ.

ಏನಾಗಬೇಕು

ಹೊಸ ಡಾಕ್ಟರು ಮೊದಲ ತಿಂಗಳಲ್ಲಿ ಮಾಡಿಕೊಳ್ಳಬೇಕಾದ ಕೆಲಸ ಹೆಚ್ಚೇನಿಲ್ಲ. ತುರ್ತು ಔಷಧಗಳ ಟ್ರೇಯನ್ನು ತಾವೇ ಎಣಿಸಿ, ಅವಧಿ ಮೀರಿದ್ದನ್ನು ತೆಗೆಸಿ ಇಂಡೆಂಟ್ ಹಾಕಬೇಕು. ಎಲ್ಲ ಉಪಕೇಂದ್ರಗಳಿಗೂ ಒಮ್ಮೆ ಹೋಗಿಬರಬೇಕು. ತಾಲ್ಲೂಕು ಆಸ್ಪತ್ರೆಯ ಫಿಜಿಷಿಯನ್, ಪ್ರಸೂತಿ ತಜ್ಞರು, ಮಕ್ಕಳ ತಜ್ಞರನ್ನು ಮುಖತಃ ಕಂಡು ನಂಬರು ಇಟ್ಟುಕೊಳ್ಳಬೇಕು. ಕಳಿಸಿಕೊಟ್ಟ ಪ್ರತಿ ರೋಗಿಯೂ ಏನಾದರೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಆ ನೋಟ್‌ಬುಕ್ಕು ಯಾವ ಪಠ್ಯಕ್ಕಿಂತಲೂ ಹೆಚ್ಚು ಕಲಿಸುತ್ತದೆ. ಸೂಜಿ ಬೇಡವೆಂದು ಮೊದಲ ವಾರವೇ ವಿವರಿಸಿ ಹೇಳಿದರೆ ಊರು ಒಗ್ಗಿಕೊಳ್ಳುತ್ತದೆ. ಆರು ತಿಂಗಳು ಹಾಕಿ ಆಮೇಲೆ ನಿಲ್ಲಿಸಹೊರಟರೆ ಜಗಳವಾಗುತ್ತದೆ.

ಉಳಿದ ಹೊಣೆ ಸರ್ಕಾರದ್ದು. ಪಿಎಚ್‌ಸಿ ಚೆನ್ನಾಗಿ ನಡೆಯಬಲ್ಲದು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಡಾ. ಎಚ್. ಸುದರ್ಶನ್ ಕಟ್ಟಿದ ಕರುಣಾ ಟ್ರಸ್ಟ್ 1996ರಲ್ಲಿ ಚಾಮರಾಜನಗರ ಜಿಲ್ಲೆಯ ಗುಂಬಳ್ಳಿ ಪಿಎಚ್‌ಸಿಯನ್ನು ಸರ್ಕಾರದಿಂದ ವಹಿಸಿಕೊಂಡು, ಸಿಬ್ಬಂದಿ ಊರಲ್ಲೇ ಉಳಿದು ದಿನದ 24 ಗಂಟೆ ಸೇವೆ ಕೊಡುವುದು ಸಾಧ್ಯವೆಂದು ತೋರಿಸಿತು. ಎಲ್ಲ ಪಿಎಚ್‌ಸಿಗಳನ್ನೂ ಸಂಸ್ಥೆಗಳಿಗೆ ಒಪ್ಪಿಸಬೇಕೆಂದಲ್ಲ. ಇರುವ ಸಿಬ್ಬಂದಿಗೆ ಬೆನ್ನಿಗೆ ನಿಲ್ಲುವ ಹಿರಿಯರು, ಖಾಲಿಯಾಗದ ಔಷಧ ಮತ್ತು ವಾಸಕ್ಕೆ ಯೋಗ್ಯ ಮನೆ ಇದ್ದರೆ ಫಲ ಬೇರೆಯಾಗುತ್ತದೆ ಎಂಬುದು ಅದರ ಪಾಠ.

ಬ್ರಿಟನ್ನಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಹೇಳಿದ್ದರು: ಒಳ್ಳೆಯ ವೈದ್ಯಕೀಯ ಸೇವೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ. ಕಡ್ಡಾಯ ಸೇವೆಯ ಕಾಯ್ದೆ ಆ ಕೊರತೆಗೆ ಒಂದು ವರ್ಷದ ಡಾಕ್ಟರನ್ನು ಕೊಟ್ಟಿದೆ. ಅವರಿಗೆ ಕಲಿಸುವವರನ್ನು ಕೊಟ್ಟಿಲ್ಲ. ಹೊರಟುಹೋಗುವ ಡಾಕ್ಟರು ಬರುವವರೊಡನೆ ಎರಡು ವಾರ ಜೊತೆಯಾಗಿ ಕೆಲಸ ಮಾಡಲಿ. ಪ್ರತಿ ತಾಲ್ಲೂಕಿನಲ್ಲೂ ರಾತ್ರಿ ಹೊತ್ತೂ ಫೋನೆತ್ತುವ ಒಬ್ಬ ಹಿರಿಯ ವೈದ್ಯರನ್ನು ಅದಕ್ಕೆಂದೇ ಗೊತ್ತುಮಾಡಲಿ. ಪಿಎಚ್‌ಸಿಯಲ್ಲಿ ಚೆನ್ನಾಗಿ ದುಡಿದ ವರ್ಷ ಕುಟುಂಬ ವೈದ್ಯಶಾಸ್ತ್ರದ ಸ್ನಾತಕೋತ್ತರ ಓದಿಗೆ ಲೆಕ್ಕಕ್ಕೆ ಬರಲಿ. ಇವು ಮೂರೂ ದೊಡ್ಡ ಖರ್ಚಿನ ಬಾಬತ್ತಲ್ಲ. ಇವನ್ನು ಮಾಡದೆ ಹೊಸಬರನ್ನು ಹಳ್ಳಿಗೆ ಕಳಿಸುತ್ತಲೇ ಹೋದರೆ ಖಾಲಿ ಹುದ್ದೆಗಳು ತುಂಬುತ್ತವೆ, ಆದರೆ ಡಾಕ್ಟರೂ ತಯಾರಾಗುವುದಿಲ್ಲ, ಹಳ್ಳಿಗೂ ಡಾಕ್ಟರು ಸಿಗುವುದಿಲ್ಲ.